ಬಾಡಿದ ಹತ್ತಿ ಗಿಡಕ್ಕೆ ಔಷಧ ಸಿಂಪಡಿಸುವ ಮುನ್ನ ಬೇರನ್ನು ಕಿತ್ತು ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಕಳೆದ ವಾರ ಹಾವೇರಿ ಕಡೆಯ ರೈತರೊಬ್ಬರ ಪ್ರಶ್ನೆಗೆ ಪ್ರಕಟವಾದ ಉತ್ತರವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ತಮ್ಮ ಹೊಲದ ಹತ್ತಿ ಗಿಡಗಳು ಅಲ್ಲಲ್ಲಿ ಬಾಡಿ ಒಣಗುತ್ತಿವೆ, ಪರಿಹಾರವೇನು ಎಂದು ಅವರು ಕೇಳಿದ್ದರು. ಇದು ಸೊರಗು ರೋಗ, ಶಿಲೀಂಧ್ರನಾಶಕವನ್ನು ಎಲೆಗಳು ತೊಯ್ಯುವಂತೆ ಎರಡು ಬಾರಿ ಸಿಂಪಡಿಸಿ ಎಂದು ಎರಡೇ ಸಾಲಿನಲ್ಲಿ ಉತ್ತರ ಮುಗಿದಿತ್ತು. ಗಿಡ ಯಾವಾಗ ಬಾಡಿತು, ಅದಕ್ಕೆ ಮುಂಚೆ ಮಳೆ ಬಂದಿತ್ತೇ, ಕಿತ್ತಾಗ ಬೇರು ಹೇಗಿತ್ತು ಎಂಬ ಒಂದು ಮಾತೂ ಪ್ರಶ್ನೆಯಲ್ಲಿರಲಿಲ್ಲ. ಉತ್ತರ ಕೊಟ್ಟವರು ಅದನ್ನು ಕೇಳಿಯೂ ಇರಲಿಲ್ಲ.

ಉಡುಪಿ ಜಿಲ್ಲೆಯ ಕಟಪಾಡಿಯಲ್ಲಿ ಕುಳಿತವನಿಗೆ ಹತ್ತಿಯ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಹತ್ತಿ ಎಂದರೆ ಅಂಗಳದ ಮೂಲೆಯಲ್ಲಿ ಒಂದೋ ಎರಡೋ ದೇವಹತ್ತಿ ಗಿಡ, ಅದರಿಂದ ಅಜ್ಜಿಯಂದಿರು ಹೊಸೆಯುವ ದೀಪದ ಬತ್ತಿ, ಅಷ್ಟೇ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಹೊಲದ ಬೆಳೆಯಾಗಿ ಹತ್ತಿ ನಿಲ್ಲುವುದಿಲ್ಲ. ಆದರೆ ನನ್ನ ನೌಕರಿಯ ಬಹುಪಾಲು ವರ್ಷಗಳು ಕಳೆದದ್ದು ಹಾವೇರಿ ಮತ್ತು ಯಾದಗಿರಿ ಜಿಲ್ಲೆಗಳ ಎರೆ ಭೂಮಿಯಲ್ಲಿ. ಕೃಷಿ ಇಲಾಖೆಯಿಂದ ನಿವೃತ್ತನಾದ ಮೇಲೂ ಅಲ್ಲಿನ ರೈತರ ದೂರವಾಣಿ ಕರೆಗಳು ನಿಂತಿಲ್ಲ. ಅಲ್ಲದೆ ಹತ್ತಿಗೂ ಕರಾವಳಿಗೂ ಸಂಬಂಧವೇ ಇಲ್ಲ ಎನ್ನುವ ಹಾಗೂ ಇಲ್ಲ. ಒಂದು ಕಾಲದಲ್ಲಿ ಧಾರವಾಡ ಸೀಮೆಯ ದೇಸಿ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗು ಏರುತ್ತಿತ್ತು, ಬೆಳೆದ ಊರಿನ ಹೆಸರನ್ನು ಬಿಟ್ಟು ವ್ಯಾಪಾರಿಗಳು ಅದನ್ನು ‘ಕುಂಪ್ಟಾ’ ಹತ್ತಿ ಎಂದೇ ಕರೆದರು. ಆ ಹೆಸರು ಹತ್ತಿಯ ಇತಿಹಾಸದಲ್ಲಿ ಇನ್ನೂ ಉಳಿದಿದೆ.

ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಸೆಪ್ಟೆಂಬರಿನ ಒಂದು ಬೆಳಿಗ್ಗೆ ನನಗೆ ಪರಿಚಯದ ರೈತರೊಬ್ಬರು ಕರೆ ಮಾಡಿದರು. “ಸಾಹೇಬ್ರ, ನಿನ್ನೆ ಸಂಜೀತನಕ ಚಲೋ ಇದ್ವು, ಮುಂಜಾನೆ ನೋಡಿದ್ರ ಗಿಡಾ ಎಲ್ಲಾ ಜೋತು ಬಿದ್ದಾವ” ಎಂದು ಅವರು ಹೇಳುವಾಗ ಅಳುವುದೊಂದು ಬಾಕಿ. ಇಪ್ಪತ್ತು ದಿನ ಮಳೆಯಿಲ್ಲದೆ ಬಿರಿದಿದ್ದ ಎರೆಯ ಮೇಲೆ ಹಿಂದಿನ ದಿನ ದೊಡ್ಡ ಮಳೆಯಾಗಿತ್ತು. ಗಿಡಗಳ ತುಂಬ ಕಾಯಿ ಹಿಡಿದಿತ್ತು. ಅವರು ನನಗೆ ಕರೆ ಮಾಡುವ ಮೊದಲೇ ಪೇಟೆಯ ಗೊಬ್ಬರದಂಗಡಿಗೆ ಹೋಗಿ, ಅಂಗಡಿಯವರು ಕೊಟ್ಟ ಮೂರು ಬಗೆಯ ಡಬ್ಬಿಗಳನ್ನು ತಂದಾಗಿತ್ತು: ಒಂದು ಶಿಲೀಂಧ್ರನಾಶಕ, ಒಂದು ಕೀಟನಾಶಕ, ಮತ್ತೊಂದು ‘ಟಾನಿಕ್’. ನಾನು ಅವರಿಗೆ ಹೇಳಿದ್ದು ಒಂದೇ ಮಾತು: ಒಂದು ಗಿಡ ಕಿತ್ತು, ಕಾಂಡವನ್ನು ಉದ್ದಕ್ಕೆ ಸೀಳಿ, ಏನು ಕಾಣುತ್ತದೆ ಹೇಳಿ. ಕೀಳುವುದಕ್ಕೆ ಬಲ ಹಾಕಬೇಕಾಯಿತು ಎಂದರು. ಬೇರಿನ ತೊಗಟೆ ಗಟ್ಟಿಯಾಗಿಯೇ ಇತ್ತು. ಸೀಳಿದ ಕಾಂಡದ ಒಳಗೆ ಕಂದು ಗೆರೆ ಒಂದೂ ಇರಲಿಲ್ಲ. ಅಂದರೆ ಅಲ್ಲಿ ರೋಗಾಣುವೇ ಇರಲಿಲ್ಲ. ಒಣಗಿದ ಮಣ್ಣಿನಲ್ಲಿ ಹರಡಿದ್ದ ಬೇರುಗಳು ಒಮ್ಮೆಲೇ ನೀರು ನಿಂತು ಉಸಿರುಗಟ್ಟಿದ್ದವು. ಕಾಯಿ ಹೊತ್ತ ಗಿಡ ಬಿಸಿಲಿಗೆ ಕೇಳುವಷ್ಟು ನೀರನ್ನು ಮೇಲಕ್ಕೆ ಕಳಿಸುವುದು ಆ ಬೇರುಗಳಿಗೆ ಆಗಲಿಲ್ಲ.

ಇದನ್ನು ಪ್ಯಾರಾವಿಲ್ಟ್ ಎನ್ನುತ್ತಾರೆ. ರೈತರ ಬಾಯಲ್ಲಿ ಇದೂ ಸೊರಗು, ಶಿಲೀಂಧ್ರದಿಂದ ಬರುವುದೂ ಸೊರಗು, ಬೇರು ಕೊಳೆತು ಬರುವುದೂ ಸೊರಗು. ಹೆಸರು ಒಂದೇ ಆದ ಮಾತ್ರಕ್ಕೆ ಮದ್ದೂ ಒಂದೇ ಎಂದು ತಿಳಿಯುವುದರಲ್ಲಿಯೇ ಹಣವೂ ಬೆಳೆಯೂ ಹೋಗುತ್ತಿರುವುದು. ಪ್ಯಾರಾವಿಲ್ಟ್‌ಗೆ ಮೊದಲ ಚಿಕಿತ್ಸೆ ಎಂದರೆ ಸಾಲುಗಳ ನಡುವೆ ಬಸಿಗಾಲುವೆ ತೆಗೆದು ನೀರನ್ನು ಹೊರಗೆ ಕಳಿಸುವುದು, ಕಾಲಿಡುವ ಹದ ಬಂದ ಕೂಡಲೇ ಎಡೆ ಹೊಡೆದು ಮಣ್ಣಿಗೆ ಗಾಳಿ ಕೊಡುವುದು. ಲಕ್ಷಣ ಕಂಡ ಒಂದು ದಿನದೊಳಗೆ ಕೋಬಾಲ್ಟ್ ಕ್ಲೋರೈಡನ್ನು ಲೀಟರಿಗೆ 10 ಮಿಲಿಗ್ರಾಂನಂತೆ ಸಿಂಪಡಿಸಿದರೆ ಕೆಲವು ಗಿಡಗಳಾದರೂ ಚೇತರಿಸಿಕೊಳ್ಳುತ್ತವೆ ಎಂಬುದು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ಶಿಫಾರಸು. ಮೂರು ದಿನ ಕಳೆದ ಮೇಲೆ ಅದರಿಂದ ಪ್ರಯೋಜನ ಕಡಿಮೆ. ಮೂರು ಡಬ್ಬಿಗಳಿಗೆ ಆ ರೈತರು ತೆತ್ತ ಹಣ ವಾಪಸು ಬರಲಿಲ್ಲ. ಅಂಗಡಿಯವರನ್ನು ದೂರಿ ಫಲವಿಲ್ಲ. ಅವರೂ ಗಿಡ ನೋಡಿರಲಿಲ್ಲ.

ಹಾಗಾದರೆ ಗಿಡ ಕಿತ್ತಾಗ ಏನೇನು ಕಾಣಬಹುದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಕೈಪಿಡಿಗಳಲ್ಲಿ ಇದು ಔಷಧಗಳ ಪಟ್ಟಿಯ ಅಡಿಯಲ್ಲಿ ಹೂತುಹೋಗಿರುತ್ತದೆ. ಗಿಡ ಒಂದೆರಡು ದಿನದಲ್ಲಿ ಬಾಡಿ, ಎರಡು ಬೆರಳಿನಲ್ಲಿ ಎಳೆದರೂ ಸಲೀಸಾಗಿ ಕಿತ್ತು ಬಂದರೆ, ಪಕ್ಕದ ಬೇರುಗಳೆಲ್ಲ ಕೊಳೆತು ತಾಯಿಬೇರು ಮಾತ್ರ ಉಳಿದಿದ್ದರೆ, ಅದರ ತೊಗಟೆ ಅಂಟಂಟಾಗಿ ಚಿಂದಿಯ ಹಾಗೆ ಸುಲಿದು ಬಂದರೆ, ಅದು ಬೇರು ಕೊಳೆ ರೋಗ. ತೊಗಟೆಯ ಅಡಿಯಲ್ಲಿ ಇದ್ದಿಲ ಪುಡಿ ಉದುರಿಸಿದಂತೆ ಕಾಣುವ ಕಪ್ಪು ಚುಕ್ಕೆಗಳು ಮ್ಯಾಕ್ರೊಫೊಮಿನಾ ಎಂಬ ಶಿಲೀಂಧ್ರದ ಎಳೆಗಳು ಒತ್ತಾಗಿ ಗಟ್ಟಿಯಾದ ಕಣಗಳು. ಈ ರೋಗ ಹೊಲದಲ್ಲಿ ದುಂಡನೆಯ ತೇಪೆಗಳಾಗಿ ಹಬ್ಬುತ್ತದೆ, ಮತ್ತು ಮಣ್ಣಿನ ಉಷ್ಣತೆ 35 ಡಿಗ್ರಿ ದಾಟಿ ತೇವ ಕಡಿಮೆಯಾದಾಗ ಬಿರುಸಾಗುತ್ತದೆ. ನೀರು ನಿಂತು ಬರುವ ಪ್ಯಾರಾವಿಲ್ಟ್‌ಗೆ ಇದು ತದ್ವಿರುದ್ಧ. ಒಂದಕ್ಕೆ ನೀರನ್ನು ಹೊರಗೆ ಕಳಿಸಬೇಕು, ಇನ್ನೊಂದಕ್ಕೆ ಸಾಧ್ಯವಿದ್ದರೆ ತೆಳುವಾಗಿ ನೀರು ಕೊಟ್ಟು ಮಣ್ಣನ್ನು ತಂಪಾಗಿಸಬೇಕು. ಗುರುತು ತಪ್ಪಿದರೆ ಉಪಚಾರವೇ ಅಪಚಾರವಾಗುತ್ತದೆ.

ಇನ್ನು ನಿಜವಾದ ಸೊರಗು ರೋಗ, ಅಂದರೆ ಫ್ಯುಸೇರಿಯಂ ಶಿಲೀಂಧ್ರದ್ದು. ಇಲ್ಲಿ ಗಿಡ ಒಮ್ಮೆಲೇ ಸಾಯುವುದಿಲ್ಲ. ಕೆಳಗಿನ ಎಲೆಗಳ ಅಂಚು ಹಳದಿಯಾಗಿ, ನರಗಳು ಕಂದಾಗಿ, ಎಲೆ ಉದುರುತ್ತ ಮೇಲಕ್ಕೆ ಸಾಗುತ್ತದೆ. ಗಿಡ ಕುಳ್ಳಗೆ ಉಳಿಯುತ್ತದೆ. ಕೀಳಲು ಹೋದರೆ ಗಟ್ಟಿಯಾಗಿಯೇ ಇರುತ್ತದೆ. ಆದರೆ ಕಾಂಡವನ್ನು ಅಡ್ಡಲಾಗಿ ಕತ್ತರಿಸಿದರೆ ಕಂದು ಅಥವಾ ಕಪ್ಪು ಉಂಗುರ, ಉದ್ದಕ್ಕೆ ಸೀಳಿದರೆ ಅದೇ ಬಣ್ಣದ ಗೆರೆಗಳು ಎದ್ದು ಕಾಣುತ್ತವೆ. ನೀರು ಸಾಗುವ ನಾಳಗಳೇ ಕಟ್ಟಿಕೊಂಡಿರುವುದರ ಗುರುತು ಅದು. ಈ ಶಿಲೀಂಧ್ರವನ್ನು ಅಮೆರಿಕದ ವಿಜ್ಞಾನಿ ಅಟ್ಕಿನ್ಸನ್ 1892ರಲ್ಲಿಯೇ ಹತ್ತಿಯ ಮೇಲೆ ಗುರುತಿಸಿ ವಿವರಿಸಿದ್ದರು. ಸ್ವಾರಸ್ಯವೆಂದರೆ ಅಲ್ಲಿ ಅದು ಆಮ್ಲೀಯ ಮರಳು ಮಣ್ಣಿನ ರೋಗ, ನಮ್ಮಲ್ಲಿ ಕ್ಷಾರ ಗುಣದ ಭಾರಿ ಎರೆ ಮಣ್ಣಿನ ರೋಗ. ಅಲ್ಲಿ ಅಮೆರಿಕನ್ ಹತ್ತಿಯನ್ನು ಕಾಡುತ್ತದೆ, ಇಲ್ಲಿ ದೇಸಿ ಹತ್ತಿಗಳನ್ನು. ಇಂದು ನಮ್ಮ ಹೊಲಗಳಲ್ಲಿರುವ ಬಿಟಿ ಹತ್ತಿ ಬಹುಪಾಲು ಅಮೆರಿಕನ್ ಜಾತಿಯ ಸಂಕರಣವಾದ್ದರಿಂದ, ನಮ್ಮ ಮಣ್ಣಿನ ಫ್ಯುಸೇರಿಯಂ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಆದರೂ ಎಲ್ಲ ಕಡೆ ‘ಫ್ಯುಸೇರಿಯಂ ಸೊರಗು’ ಎಂದೇ ಉತ್ತರ ಬರೆಯುವ ವಾಡಿಕೆ ಹೋಗಿಲ್ಲ. ದೇಸಿ ಹತ್ತಿಗೆ ಮರಳುವ ಮಾತು ಈಗ ಸಾವಯವ ವಲಯದಲ್ಲಿ ಕೇಳಿಬರುತ್ತಿದೆ, ಸಂತೋಷವೇ. ಆದರೆ ಸೊರಗು ತಡೆಯುವ ತಳಿಯನ್ನೇ ಆರಿಸಿಕೊಳ್ಳದಿದ್ದರೆ ಅಜ್ಜನ ಕಾಲದ ಹತ್ತಿಯ ಜೊತೆ ಅಜ್ಜನ ಕಾಲದ ರೋಗವೂ ಬರುತ್ತದೆ ಎಂಬುದನ್ನು ಆ ಉತ್ಸಾಹಿಗಳು ನೆನಪಿಡಬೇಕು.

ವರ್ಟಿಸಿಲಿಯಂ ಎಂಬ ಮತ್ತೊಂದು ಸೊರಗಿದೆ. ಎಲೆಯ ನರಗಳ ನಡುವೆ ಹುಲಿಪಟ್ಟೆಯ ಹಾಗೆ ಹಳದಿ ಬೀಳುತ್ತದೆ, ತಂಪು ಹವೆಯಲ್ಲಿ ಹೆಚ್ಚು. ನಮ್ಮ ಬಯಲುಸೀಮೆಯ ಬಿಸಿಗೆ ಅದರ ಕಾಟ ಕಡಿಮೆ, ಹಾಗಾಗಿ ಅದನ್ನು ಇಲ್ಲಿಗೇ ಬಿಡುತ್ತೇನೆ.

ಈ ಯಾವ ರೋಗದಲ್ಲಿಯೂ ಎಲೆಯ ಮೇಲಿನ ಶಿಲೀಂಧ್ರನಾಶಕದ ಸಿಂಪಡಣೆ ಏಕೆ ನಿಷ್ಫಲ ಎಂಬುದನ್ನು ಹೇಳಬೇಕು. ರೋಗಾಣು ಇರುವುದು ಮಣ್ಣಿನಲ್ಲಿ ಮತ್ತು ಬೇರಿನಲ್ಲಿ. ನಮ್ಮ ಬಹುತೇಕ ಅಂತರ್ವ್ಯಾಪಿ ಶಿಲೀಂಧ್ರನಾಶಕಗಳು ಗಿಡದೊಳಗೆ ಬೇರಿನಿಂದ ಎಲೆಯ ಕಡೆಗೆ ಏರುತ್ತವೆಯೇ ಹೊರತು ಎಲೆಯಿಂದ ಬೇರಿಗೆ ಇಳಿಯುವುದಿಲ್ಲ. ಬೇರು ಕೊಳೆ ಕಂಡ ತೇಪೆಯ ಸುತ್ತಲಿನ ಆರೋಗ್ಯವಂತ ಗಿಡಗಳ ಬುಡಕ್ಕೆ ಲೀಟರಿಗೆ 1 ಗ್ರಾಂ ಕಾರ್ಬೆಂಡೆಜಿಮ್ ಎಂಬ ಶಿಲೀಂಧ್ರನಾಶಕ ಬೆರೆಸಿ ಸುರಿದರೆ ರೋಗ ಹಬ್ಬುವುದನ್ನು ಸ್ವಲ್ಪ ತಡೆಯಬಹುದು. ಬಾಡಿದ ಗಿಡಕ್ಕೆ ಅದರಿಂದ ಜೀವ ಬರುವುದಿಲ್ಲ. ಅದನ್ನು ಕಿತ್ತು ಹೊಲದ ಹೊರಗೆ ಸುಡುವುದೇ ಸರಿ. ಕಿತ್ತ ಗಿಡವನ್ನು ಬದುವಿನ ಮೇಲೆ ಎಸೆದರೆ ಮಳೆನೀರು ಮತ್ತೆ ರೋಗಾಣುವನ್ನು ಹೊಲಕ್ಕೇ ತರುತ್ತದೆ. ಬಿಟಿ ಬೀಜಕ್ಕೆ ಇಷ್ಟು ಹಣ ಕೊಟ್ಟಿದ್ದೇವೆ, ಅದರಲ್ಲಿ ಎಲ್ಲಕ್ಕೂ ಮದ್ದು ಇರಬೇಕಲ್ಲ ಎಂದು ಕೇಳಿದ ರೈತರು ನನಗೆ ಹಲವರು ಸಿಕ್ಕಿದ್ದಾರೆ. 2002ರಲ್ಲಿ ನಮ್ಮ ದೇಶಕ್ಕೆ ಬಂದ ಬಿಟಿ ತಂತ್ರಜ್ಞಾನ ಕಾಯಿಕೊರಕ ಹುಳುಗಳಿಗಾಗಿ ಮಾಡಿದ್ದು. ಬೇರಿನ ಶಿಲೀಂಧ್ರಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬ ಸರಳ ಸಂಗತಿಯನ್ನು ಬೀಜದ ಚೀಲದ ಮೇಲಾದರೂ ದೊಡ್ಡ ಅಕ್ಷರದಲ್ಲಿ ಮುದ್ರಿಸಬಹುದಿತ್ತು.

ಮಣ್ಣಿನ ರೋಗವನ್ನು ಹಿಡಿಯಬೇಕಾದದ್ದು ಬಿತ್ತನೆಗೆ ಮುಂಚೆ. ಇಲ್ಲಿ ಟ್ರೈಕೋಡರ್ಮಾದ ಮಾತು ಬರುತ್ತದೆ. ರೋಗಕಾರಕ ಶಿಲೀಂಧ್ರವನ್ನು ತಿಂದು ಬದುಕುವ ಈ ಉಪಕಾರಿ ಶಿಲೀಂಧ್ರದ ಬಗ್ಗೆ ಈಗ ಎಲ್ಲರಿಗೂ ಗೊತ್ತಿದೆ, ಅದನ್ನು ಕೊಲ್ಲುವ ಬಗೆಯೂ ಹೆಚ್ಚಿನವರಿಗೆ ಗೊತ್ತಿದೆ ಎಂದರೆ ತಪ್ಪಾಗಲಾರದು! ಕಾರ್ಬೆಂಡೆಜಿಮ್‌ನಿಂದ ಬೀಜೋಪಚಾರ ಮಾಡಿ ಅದೇ ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಿದವರನ್ನು, ಎರಡನ್ನೂ ಒಂದೇ ಡ್ರಮ್ಮಿನಲ್ಲಿ ಕಲಸಿ ಬುಡಕ್ಕೆ ಸುರಿದವರನ್ನು ನಾನು ಕಂಡಿದ್ದೇನೆ. ಕಾರ್ಬೆಂಡೆಜಿಮ್‌ಗೆ ಒಳ್ಳೆಯ ಶಿಲೀಂಧ್ರ ಯಾವುದು, ಕೆಟ್ಟದ್ದು ಯಾವುದು ಎಂಬ ಭೇದವಿಲ್ಲ. ಟ್ರೈಕೋಡರ್ಮಾವನ್ನೇ ಅದು ಮೊದಲು ಮುಗಿಸುತ್ತದೆ. ಬಿಸಿಲಿಗೆ ಕಾದ ತಗಡಿನ ಅಂಗಡಿಯಲ್ಲಿ ಅವಧಿ ಮುಗಿಯುವ ತನಕ ಬಿದ್ದಿದ್ದ ಪೊಟ್ಟಣದೊಳಗೆ ಜೀವಂತವಾಗಿ ಏನೂ ಉಳಿದಿರುವುದಿಲ್ಲ, ಸೀಮೆಸುಣ್ಣದಂಥ ಪುಡಿ ಮಾತ್ರ ಉಳಿದಿರುತ್ತದೆ. ಸರಿಯಾದ ಕ್ರಮವೆಂದರೆ, ಎಕರೆಗೆ 1 ಕಿಲೋದಷ್ಟು ತಾಜಾ ಟ್ರೈಕೋಡರ್ಮಾವನ್ನು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಮತ್ತು ಬೇವಿನ ಹಿಂಡಿಯಲ್ಲಿ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿಚೀಲ ಮುಚ್ಚಿ ಎರಡು ವಾರ ಬಿಟ್ಟು, ಅದು ಗೊಬ್ಬರದ ತುಂಬ ಹಸಿರು ಬೂಸಲಾಗಿ ಹಬ್ಬಿದ ಮೇಲೆ, ಮಣ್ಣಿನಲ್ಲಿ ತೇವವಿರುವಾಗ ಸಾಲಿಗೆ ಹಾಕುವುದು. ಒಣಮಣ್ಣಿಗೆ ಎರಚಿದರೆ ಅದಕ್ಕೂ ಬಾಯಾರಿಕೆಯೇ. ಮುಂದಿನ ಮೂರು ನಾಲ್ಕು ವಾರ ಆ ಸಾಲಿಗೆ ಶಿಲೀಂಧ್ರನಾಶಕ ತಾಗದಂತೆ ನೋಡಿಕೊಳ್ಳಬೇಕು.

ಇದಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು ಜಂತುಹುಳು, ಇಂಗ್ಲಿಷಿನ ನೆಮಟೋಡ್. ಬರಿಗಣ್ಣಿಗೆ ಕಾಣದ ಈ ದಾರದಂಥ ಜೀವಿ ಬೇರನ್ನು ಚುಚ್ಚಿ ರಸ ಹೀರುತ್ತದೆ. ಒಂದು ಜಾತಿ ಬೇರಿನ ಮೇಲೆ ಗಂಟುಗಳನ್ನು ಮಾಡುವುದರಿಂದ ಗುರುತು ಸಿಗುತ್ತದೆ. ಮೂತ್ರಪಿಂಡದ ಆಕಾರದ ಇನ್ನೊಂದು ಜಾತಿ ಗಂಟನ್ನೂ ಮಾಡುವುದಿಲ್ಲ, ಬೇರಿಗೆ ಮಣ್ಣಿನ ಕಣ ಅಂಟಿದಂತೆ ಕಾಣುತ್ತದೆ ಅಷ್ಟೇ. ಗಿಡ ಸಾಯುವುದಿಲ್ಲ, ಏಳಿಗೆಯಾಗುವುದಿಲ್ಲ. ರೈತ ಇದನ್ನು ಗೊಬ್ಬರದ ಕೊರತೆಯೆಂದು ತಿಳಿದು ಯೂರಿಯಾ ಸುರಿಯುತ್ತಾನೆ. ಹೀಗೆ ಸಾರಜನಕ ಹೆಚ್ಚಾಗಿ ಪೊಟ್ಯಾಷ್ ಕಡಿಮೆಯಾದ ಗಿಡವೆಂದರೆ ಫ್ಯುಸೇರಿಯಂಗೆ ಇನ್ನಷ್ಟು ಸಲೀಸು. ಜಂತುಹುಳು ಮಾಡಿದ ಗಾಯ ಶಿಲೀಂಧ್ರಕ್ಕೆ ತೆರೆದ ಬಾಗಿಲು. ಜಂತುಹುಳು ಇರುವಲ್ಲಿ ಸೊರಗು ಹೆಚ್ಚು ಎಂಬುದನ್ನೂ ಅದೇ ಅಟ್ಕಿನ್ಸನ್ 1892ರಲ್ಲಿಯೇ ಗಮನಿಸಿದ್ದರು. ನೂರ ಮೂವತ್ತು ವರ್ಷ ಕಳೆದಿದೆ. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರ, ಲವಣಾಂಶ, ಸಾವಯವ ಇಂಗಾಲ, ಮುಖ್ಯ ಮತ್ತು ಲಘು ಪೋಷಕಾಂಶಗಳು ಸೇರಿ 12 ಅಂಶಗಳಿವೆ. ಅವುಗಳಲ್ಲಿ ಜಂತುಹುಳುವೂ ಇಲ್ಲ, ಶಿಲೀಂಧ್ರವೂ ಇಲ್ಲ. ಹೆಸರಿಗೆ ಆರೋಗ್ಯ ಚೀಟಿ, ಆದರೆ ರೋಗದ ಬಗ್ಗೆ ಅದರಲ್ಲಿ ಒಂದು ಅಕ್ಷರವಿಲ್ಲ.

ಬೆಳೆ ಬದಲಾವಣೆ ಮಾಡಿ ಎಂಬುದು ಎಲ್ಲರೂ ಹೇಳುವ ಮಾತು. ಯಾವ ಬೆಳೆಗೆ ಬದಲಾಯಿಸಬೇಕು ಎಂಬುದು ಯಾವ ಶತ್ರು ಮಣ್ಣಿನಲ್ಲಿದೆ ಎಂಬುದನ್ನು ಅವಲಂಬಿಸಿದೆ, ಇಲ್ಲೂ ಗಿಡ ಕಿತ್ತು ನೋಡದೆ ಗತಿಯಿಲ್ಲ. ಮೂತ್ರಪಿಂಡಾಕಾರದ ಜಂತುಹುಳುವಿಗೆ ಜೋಳ, ಗೋವಿನಜೋಳಗಳು ಆಹಾರವಲ್ಲ, ಹಾಗಾಗಿ ಅವು ಒಳ್ಳೆಯ ಬದಲಿ ಬೆಳೆ. ಹತ್ತಿಯನ್ನು ಕಾಡುವ ಬೇರುಗಂಟಿನ ಜಂತುಹುಳುವಿಗೆ ಶೇಂಗಾ ಹಿಡಿಸುವುದಿಲ್ಲ. ಸಾಲಿನ ನಡುವೆ ಚೆಂಡುಹೂ ಹಾಕಿದರೂ ಅದರ ಸಂಖ್ಯೆ ತಗ್ಗುತ್ತದೆ. ಆದರೆ ಮ್ಯಾಕ್ರೊಫೊಮಿನಾ 500ಕ್ಕೂ ಹೆಚ್ಚು ಜಾತಿಯ ಸಸ್ಯಗಳ ಮೇಲೆ ಬದುಕುವ ಜೀವಿ. ಹಿಂಗಾರಿ ಜೋಳದ ಕಾಂಡ ಇದ್ದಿಲಿನಂತೆ ಕಪ್ಪಾಗಿ ಮುರಿದು ಬೀಳುವುದೂ ಅದರಿಂದಲೇ. ಆದ್ದರಿಂದ ಬೇರು ಕೊಳೆ ಇರುವ ಹೊಲಕ್ಕೆ ಜೋಳ ಹಾಕಿದರೆ ರೋಗ ಹೋಯಿತೆಂದು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಅಲ್ಲಿ ಮಣ್ಣಿನ ಕಾವು ಇಳಿಸುವ ಉಪಾಯವೇ ಹೆಚ್ಚು ಫಲಕಾರಿ. ಸ್ವಾತಂತ್ರ್ಯಕ್ಕೆ ಮುಂಚೆಯೇ ಪಂಜಾಬಿನಲ್ಲಿ ಹತ್ತಿಯ ಸಾಲುಗಳ ನಡುವೆ ಮಡಿಕೆ ಕಾಳನ್ನು ಬಿತ್ತಿ, ಅದರ ಬಳ್ಳಿ ನೆಲವನ್ನು ಮುಚ್ಚುವುದರಿಂದ ಮಣ್ಣು ತಂಪಾಗಿ ಬೇರು ಕೊಳೆ ಕಡಿಮೆಯಾಗುವುದನ್ನು ವಿಜ್ಞಾನಿಗಳು ತೋರಿಸಿದ್ದರು. ಒಂದು ಹಿಡಿ ಕಾಳಿನ ಖರ್ಚಿನಲ್ಲಿ ಆಗುವ ಈ ಕೆಲಸವನ್ನು ಯಾವ ಕಂಪನಿಯೂ ಜಾಹೀರಾತು ಮಾಡುವುದಿಲ್ಲ. ಹತ್ತಿ ತೆಗೆದ ಮೇಲೆ ಅದೇ ಹೊಲಕ್ಕೆ ಬೆಂಡೆ ಹಾಕುವುದನ್ನಂತೂ ಬಿಡಲೇಬೇಕು. ಬೆಂಡೆಯೂ ಹತ್ತಿಯೂ ಒಂದೇ ಕುಟುಂಬದವು, ಬೇರುಗಂಟಿನ ಜಂತುಹುಳುವಿಗೆ ಎರಡೂ ಹಬ್ಬದೂಟ.

ಮಣ್ಣಿನಲ್ಲಿ ಅಡಗುವ ಹುಳುಗಳ ವಿಷಯ ಸ್ವಲ್ಪ ಬೇರೆ. ಗೊಣ್ಣೆಹುಳು ಬೇರು ಕತ್ತರಿಸುವುದರಿಂದ ಗಿಡ ಒಣಗುತ್ತದೆ. ಕಿತ್ತಾಗ ಬೇರು ಕೊಳೆತಿರುವುದಿಲ್ಲ, ಕಡಿದಿರುತ್ತದೆ. ಬುಡದ ಮಣ್ಣನ್ನು ಅರ್ಧ ಅಡಿ ಕೆದಕಿದರೆ ಬಾಗಿದ ಬಿಳಿ ಹುಳು ಸಿಗುತ್ತದೆ. ಅದರ ದುಂಬಿಗಳು ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ನೆಲದಿಂದೆದ್ದು ಬೇವಿನ ಮರಗಳಿಗೆ ಮುತ್ತುತ್ತವೆ. ಆ ಎರಡು ಮೂರು ರಾತ್ರಿ ಊರವರೆಲ್ಲ ಸೇರಿ ಮರ ಅಲುಗಿಸಿ, ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ ಇಡೀ ವರ್ಷದ ಸಂತಾನ ನಿಲ್ಲುತ್ತದೆ. ಒಬ್ಬ ರೈತ ಮಾತ್ರ ಮಾಡಿದರೆ ಪಕ್ಕದ ಹೊಲದ ದುಂಬಿ ಬಂದು ಮೊಟ್ಟೆಯಿಡುತ್ತದೆ. ಕಳಿಯದ ಸಗಣಿ ಗೊಬ್ಬರವೆಂದರೆ ಇವಕ್ಕೆ ಬಾಣಂತಿಕೋಣೆ ಇದ್ದಂತೆ. ಮಸಾರಿ ಭೂಮಿಯಲ್ಲಿ ಗೆದ್ದಲಿನ ಕಾಟವೂ ಇದೆ. ಗುಲಾಬಿ ಕಾಯಿಕೊರಕ ಬೇರಿನ ಹುಳುವಲ್ಲದಿದ್ದರೂ ಅದರ ಮರಿಗಳು ಉದುರಿದ ಕಾಯಿಗಳಲ್ಲಿ, ನೆಲದ ಬಿರುಕುಗಳಲ್ಲಿ, ಮನೆಯ ಹಿತ್ತಲಿನಲ್ಲಿ ಒಟ್ಟಿದ ಹತ್ತಿಕಟ್ಟಿಗೆಯ ಬಣವೆಯಲ್ಲಿ ಮುಂದಿನ ಹಂಗಾಮಿನ ತನಕ ನಿದ್ರಿಸುತ್ತವೆ. ಎರಡು ವಂಶವಾಹಿಗಳ ಬಿಟಿ ಹತ್ತಿಯನ್ನೂ ಅದು ಜೀರ್ಣಿಸಿಕೊಂಡ ಮೇಲೆ, ಡಿಸೆಂಬರ್ ಕೊನೆ ಅಥವಾ ಜನವರಿಯೊಳಗೆ ಬೆಳೆ ಮುಗಿಸುವುದು, ಕಟ್ಟಿಗೆ ತೆಗೆದು ಆಳವಾಗಿ ಮಾಗಿ ಉಳುಮೆ ಮಾಡುವುದು, ನೀರಿದೆ ಎಂದು ಹಳೆಯ ಗಿಡವನ್ನೇ ಬೇಸಿಗೆಗೂ ಎಳೆಯದಿರುವುದು, ಇವನ್ನು ಬಿಟ್ಟರೆ ಬೇರೆ ದಾರಿ ನನಗೆ ಕಾಣುವುದಿಲ್ಲ. ನೇಗಿಲ ಹಿಂದೆ ನಡೆಯುವ ಬೆಳ್ಳಕ್ಕಿ ಮತ್ತು ಗೊರವಂಕಗಳು ಕೂಲಿ ಕೇಳದೆ ಉಳಿದ ಕೆಲಸ ಮಾಡುತ್ತವೆ.

ಮಣ್ಣಿಗೆ ವಿಷ ಸೇರಿಸುವ ವಿಚಾರದಲ್ಲಿ ಕರಾವಳಿಯ ನನ್ನಂಥವರಿಗೆ ಅಳುಕು ಹೆಚ್ಚು, ಅದಕ್ಕೆ ಕಾರಣವೂ ಇದೆ. ದೇಶದ ಹತ್ತಿ ಹೊಲಗಳಲ್ಲಿ ಹೇರಳವಾಗಿ ಬಳಕೆಯಾಗುತ್ತಿದ್ದ ಎಂಡೋಸಲ್ಫಾನ್ ಕೀಟನಾಶಕವನ್ನೇ ನಮ್ಮ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿಯಲಾಗಿತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಹಿಡಿಯುವ ಹೊತ್ತಿಗೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಂಥ ಊರುಗಳ ಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳಿದ್ದರು. ಗೊಣ್ಣೆಹುಳುವಿಗೆಂದು ಹಳೆಯ ಕೈಪಿಡಿಗಳಲ್ಲಿ ಶಿಫಾರಸಾಗಿದ್ದ ಫೋರೇಟ್ ಎಂಬ ಕೀಟನಾಶಕ ಹರಳಿನ ಬಳಕೆಯೂ 2020ರ ಡಿಸೆಂಬರ್ 31ರಿಂದ ನಿಷಿದ್ಧ. ಆದರೂ ಅದರ ಹೆಸರು ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಇನ್ನೂ ಓಡಾಡುತ್ತಿದೆ. ತಮ್ಮ ಕೃಷಿ ಪುಟ ಪ್ರಕಟಿಸುವ ಪ್ರತಿಯೊಂದು ಶಿಫಾರಸನ್ನೂ ಈಗ ಜಾರಿಯಲ್ಲಿರುವ ನಿಷೇಧ ಪಟ್ಟಿಯೊಂದಿಗೆ ತಾಳೆ ನೋಡುವುದು ಅತ್ಯಗತ್ಯ.

ಈ ಗುರುತು ತಪ್ಪುವ ಚಾಳಿ ಹತ್ತಿಗಷ್ಟೇ ಸೀಮಿತವಲ್ಲ. ನಮ್ಮ ಪಕ್ಕದ ಮಟ್ಟುವಿನಲ್ಲಿ, 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಗುಳ್ಳ ಬದನೆಯ ಗದ್ದೆಗಳಲ್ಲಿಯೂ ಗಿಡ ಹಸಿರಾಗಿರುವಾಗಲೇ ಬಾಡಿ ಬೀಳುವುದುಂಟು. ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಬಿಟ್ಟರೆ, ಕೆಲವೇ ನಿಮಿಷದಲ್ಲಿ ಹಾಲಿನ ಎಳೆಯಂಥದ್ದು ಕೆಳಗಿಳಿಯುವುದು ಕಂಡರೆ ಅದು ದುಂಡಾಣುವಿನ ಸೊರಗು. ಅದಕ್ಕೆ ಯಾವ ಶಿಲೀಂಧ್ರನಾಶಕವೂ ತಾಗುವುದಿಲ್ಲ. ಸುಂಡೆ ಎಂಬ ಕಾಡುಬದನೆಯ ಬುಡಕ್ಕೆ ಗುಳ್ಳವನ್ನು ಕಸಿ ಕಟ್ಟುವುದು, ಗದ್ದೆಗೆ ಭತ್ತ ಹಾಕಿ ನೀರು ನಿಲ್ಲಿಸುವುದು, ಇವೇ ಅಲ್ಲಿನ ದಾರಿ. ಅಡಿಕೆ ತೋಟದ ಕಾಳುಮೆಣಸಿನ ಬಳ್ಳಿ ಮಳೆಗಾಲದಲ್ಲಿ ಕಪ್ಪಾಗಿ ಕಳಚಿ ಬಿದ್ದರೆ ಅದು ಫೈಟಾಫ್ತೊರಾ. ಅದು ನೀರಿನಲ್ಲಿ ಈಜುವ ಬೀಜಕಗಳ, ಬೇರೆಯೇ ಕುಲದ ಜೀವಿ. ಹತ್ತಿಯ ಬೇರು ಕೊಳೆಗೆ ಅಷ್ಟಿಷ್ಟು ಕೆಲಸ ಮಾಡುವ ಕಾರ್ಬೆಂಡೆಜಿಮ್ ಇದರ ಮೇಲೆ ಏನೂ ಮಾಡದು. ಆದರೂ ನಮ್ಮ ಕೃಷಿಕರು ‘ಸೊರಗಿಗೆ ಮದ್ದು’ ಎಂದು ಅದನ್ನೇ ತಂದು ಬುಡಕ್ಕೆ ಸುರಿಯುವುದನ್ನು ಪ್ರತಿ ಜುಲೈಯಲ್ಲಿ ನೋಡುತ್ತಿದ್ದೇನೆ.

ತಮ್ಮಲ್ಲಿ ನನ್ನ ಬಿನ್ನಹ ಇಷ್ಟು: ಕೃಷಿ ಪುಟಕ್ಕೆ ಪ್ರಶ್ನೆ ಕಳಿಸುವವರಿಂದ ಎಲೆಯ ಚಿತ್ರದ ಜೊತೆಗೆ ತೊಳೆದ ಬೇರಿನ ಚಿತ್ರವನ್ನೂ, ಸೀಳಿದ ಕಾಂಡದ ಚಿತ್ರವನ್ನೂ ಕಡ್ಡಾಯವಾಗಿ ಕೇಳಿ, ಕಳೆದ ಹದಿನೈದು ದಿನದ ಮಳೆಯ ವಿವರ, ಹಿಂದಿನ ಎರಡು ಬೆಳೆಗಳ ಹೆಸರು ಬರೆಯಲು ಹೇಳಿ. ಅವಿಲ್ಲದೆ ಬಂದ ಪ್ರಶ್ನೆಗೆ ಔಷಧದ ಹೆಸರು ಬರೆಯಬೇಡಿ. ಕೃಷಿ ಇಲಾಖೆಯು ಹತ್ತಿ ಬೆಳೆಯುವ ತಾಲ್ಲೂಕುಗಳ ರೈತ ಸಂಪರ್ಕ ಕೇಂದ್ರಗಳಲ್ಲಿ ಜಂತುಹುಳು ಪರೀಕ್ಷೆಗೆ ಮಣ್ಣು ಸ್ವೀಕರಿಸುವ ವ್ಯವಸ್ಥೆ ಮಾಡಿ, ಅದರ ಫಲಿತಾಂಶವನ್ನು ಮಣ್ಣು ಆರೋಗ್ಯ ಚೀಟಿಯಲ್ಲಿಯೇ ನಮೂದಿಸಬೇಕು. ಇಲ್ಲಿಯ ಗುಳ್ಳ ಮತ್ತು ಕಾಳುಮೆಣಸು ಬೆಳೆಗಾರರಿಗೂ ಅದು ಬೇಕು.

ಮಾದರಿ ಕೊಂಡೊಯ್ಯುವ ರೈತರಿಗೆ ಒಂದು ಸೂಚನೆಯನ್ನು ತಾವು ಇದರೊಂದಿಗೆ ಪ್ರಕಟಿಸಿದರೆ ಉಪಕಾರವಾಗುತ್ತದೆ. ಪೂರ್ತಿ ಒಣಗಿ ಸತ್ತ ಗಿಡವನ್ನು ಒಯ್ಯಬಾರದು, ಅದರ ಮೇಲೆ ಕಸ ತಿನ್ನುವ ನೂರು ಬಗೆಯ ಶಿಲೀಂಧ್ರಗಳು ಬೆಳೆದಿರುತ್ತವೆ, ನಿಜವಾದ ಕಳ್ಳ ಸಿಗುವುದಿಲ್ಲ. ಅರ್ಧ ಬಾಡಿದ ಎರಡು ಮೂರು ಗಿಡಗಳನ್ನು, ಪಕ್ಕದ ಒಂದು ಆರೋಗ್ಯವಂತ ಗಿಡವನ್ನು, ಎಳೆಯದೆ ಗುದ್ದಲಿಯಿಂದ ಅಗೆದು, ಬೇರಿನ ಸುತ್ತಲಿನ ಒಂದು ಬೊಗಸೆ ತೇವದ ಮಣ್ಣಿನ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲು ತಾಗದಂತೆ ಅದೇ ದಿನ ತಲುಪಿಸಬೇಕು. ಜಂತುಹುಳು ಪರೀಕ್ಷೆಗೆ ಒಯ್ಯುವ ಮಣ್ಣನ್ನಂತೂ ಒಣಗಿಸಲೇಬಾರದು.

ಇತಿ,
ನಿವೃತ್ತ ಸಹಾಯಕ ಕೃಷಿ ಅಧಿಕಾರಿ,
ಕಟಪಾಡಿ, ಉಡುಪಿ ಜಿಲ್ಲೆ